ಹಂದನಕೆರೆಯ ಮೂಗುಬೊಟ್ಟು ಕೂಗಿದ್ದು

೨೦೦೫ನೇ ಇಸವಿ. ತಿಪಟೂರು ಪೇಟೆಯಲ್ಲಿ ನನ್ನದೊಂದು ಸಣ್ಣ ಅಂಗಡಿ. ಬೋರ್ಡಿನ ಮೇಲೆ ಆಭರಣ ತಯಾರಕರು ಅಂತ ಬರೆಸಿದ್ದರೂ ಜನ ನನ್ನನ್ನು ಹುಡುಕಿಕೊಂಡು ಬರುತ್ತಿದ್ದದ್ದು ಹರಳು ಕಟ್ಟಿಸಲಿಕ್ಕೆ. ಅಂದರೆ ವಜ್ರವೋ ಕೆಂಪೋ, ಅದಕ್ಕೆ ಚಿನ್ನದಲ್ಲಿ ಗೂಡು ಮಾಡಿ, ಅಲುಗದ ಹಾಗೆ ಕೂರಿಸಿ ಕೊಡುವ ಕೆಲಸ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟು ಅಪ್ಪನ ಪಕ್ಕ ಮಣೆ ಹಾಕಿಕೊಂಡು ಕೂತವನು ನಾನು. ಓದಿಲ್ಲ ಅನ್ನುವ ಕೊರಗು ಆಗಲೂ ಇರಲಿಲ್ಲ, ಈಗಲೂ ಇಲ್ಲ. ನಾನು ಕಟ್ಟಿದ ಹರಳು ಉದುರಿತು ಅಂತ ತುರುವೇಕೆರೆಯಿಂದ ಹುಳಿಯಾರಿನವರೆಗೆ ಒಬ್ಬರೂ ವಾಪಸು ಬಂದಿಲ್ಲ. ಇದನ್ನು ಜಂಬ ಅಂದರೂ ಸರಿ, ಹೇಳಿಯೇ ಮುಂದಕ್ಕೆ ಹೋಗುತ್ತೇನೆ. ಯಾಕೆಂದರೆ ಆ ವರ್ಷ ಒಂದೇ ಒಂದು ಕಲ್ಲು ಈ ಹೆಸರನ್ನೆಲ್ಲ ಅಂಗೈ ಮೇಲೆ ಇಟ್ಟುಕೊಂಡು ಆಡಿಸಿಬಿಟ್ಟಿತು.

ಭಾದ್ರಪದದಲ್ಲಿ ಇಬ್ಬರು ಅಕ್ಕತಂಗಿಯರು ಬಂದರು. ಅಕ್ಕ ಜಯಮ್ಮನನ್ನು ಹೊನ್ನವಳ್ಳಿಗೆ ಕೊಟ್ಟಿತ್ತು, ತಂಗಿ ಶಾರದಮ್ಮನನ್ನು ಹಂದನಕೆರೆಗೆ. ಇಬ್ಬರದೂ ತೋಟದ ಮನೆಗಳು. ತೀರಿಕೊಂಡ ಅವರ ತಾಯಿಯದು ಒಂದು ಜೊತೆ ವಜ್ರದ ಓಲೆ. ಒಂದೊಂದು ಕಿವಿಗೆ ಒಂದೊಂದೇ ದೊಡ್ಡ ಹರಳು, ಹಳೇ ಕಾಲದ ಕಟಾವು. ಆ ಓಲೆಯನ್ನು ಕಟ್ಟಿದ್ದು ನನ್ನ ಅಪ್ಪ. ಒಬ್ಬಳು ಜೊತೆ ಇಟ್ಟುಕೊಂಡು ಇನ್ನೊಬ್ಬಳಿಗೆ ಬದಲಿಗೆ ದುಡ್ಡು ಕೊಡುವುದಕ್ಕೆ ಇಬ್ಬರಿಗೂ ಮನಸ್ಸಿಲ್ಲ. ಆಳಿಗೊಂದು ಹರಳು, ಇಬ್ಬರಿಗೂ ಮೂಗುಬೊಟ್ಟು ಮಾಡಿಸಿಕೊಳ್ಳೋಣ ಅಂತ ಮಾತಾಗಿತ್ತು.

ಜಯಮ್ಮ ಹೊಸ ನಮೂನೆ ಬೇಕು ಅಂದರು. ಹರಳು ಕಿತ್ತು, ಬೆಳಕಾಡುವ ಹಾಗೆ ಹಿಂದೆ ತೆರೆದ ಗೂಡಿನಲ್ಲಿ ಕೂರಿಸಬೇಕು. ಶಾರದಮ್ಮ ಮಾತ್ರ, "ನಂದು ಗೂಡು ಕೀಳಬ್ಯಾಡಿ ಆಚಾರ್ರೇ. ಅವ್ವ ಹಾಕ್ಕಂಡಿದ್ದ ಚಿನ್ನ ಹಂಗೇ ಇರ್ಲಿ. ಹಿಂದೆ ಒಂದು ತಿರುಪು ಬೆಸೆದು ಕೊಡಿ, ಸಾಕು" ಅಂದರು.

ಇಲ್ಲೇ ಒಂದು ವಿಷಯ ಹೇಳಬೇಕು. ವಜ್ರ ಎಷ್ಟು ಗಟ್ಟಿ ಅಂದರೂ ಅದು ಕಾರ್ಬನ್ನು, ನಮ್ಮ ಇದ್ದಿಲಿನ ದಾಯಾದಿ. ಕೆಂಪಗೆ ಕಾದಾಗ ಗಾಳಿ ತಗುಲಿದರೆ ಮೇಲ್ಮೈ ಉರಿದು ಹಾಲು ಬಣ್ಣಕ್ಕೆ ತಿರುಗುತ್ತದೆ. ಹಾಗಾಗಿ ಹರಳು ಗೂಡಿನಲ್ಲಿರುವಾಗ ಬೆಸುಗೆ ಹಾಕಲು ಎಲ್ಲರೂ ಹೆದರುತ್ತಾರೆ. ನಮ್ಮ ಮನೆಯಲ್ಲಿ ಅದಕ್ಕೊಂದು ದಾರಿ ಇತ್ತು. ಕೊಬ್ಬರಿ ಚಿಪ್ಪು ಸುಟ್ಟು, ನುಣ್ಣಗೆ ಪುಡಿ ಮಾಡಿ, ಮಣ್ಣಿನ ಮೂಸೆಯೊಳಗೆ ತುಂಬಿ, ಹರಳು ಕೆಳಮುಖವಾಗಿ ಹೂತು, ಗೂಡಿನ ಬೆನ್ನು ಮಾತ್ರ ಕಾಣುವಂತೆ ಬಿಟ್ಟು, ಮೂಸೆಯನ್ನೇ ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ಬೆಸೆಯುವುದು. ಇದ್ದಿಲು ತಾನು ಉರಿದು ವಜ್ರವನ್ನು ಕಾಯುತ್ತದೆ. ಇದು ತಾತನಿಂದ ಅಪ್ಪನಿಗೆ, ಅಪ್ಪನಿಂದ ನನಗೆ ಬಂದಿದ್ದು. ಹೊರಗಿನವರ ಮುಂದೆ ಮೂಸೆ ತುಂಬಬಾರದು ಅನ್ನುವುದು ಅಪ್ಪನ ಕಟ್ಟಳೆ. ನಾನೂ ಬಾಗಿಲು ಮುಂದೆ ಮಾಡಿಕೊಂಡೇ ಆ ಕೆಲಸ ಮಾಡುತ್ತಿದ್ದೆ.

ಆ ವಾರವೆಲ್ಲ ಮಳೆ ಹಿಡಿದಿತ್ತು. ಆದರೂ ಹೇಳಿದ ದಿನಕ್ಕೆ ಎರಡೂ ಮೂಗುಬೊಟ್ಟು ಕೊಟ್ಟೆ. ಅಕ್ಕತಂಗಿಯರು ನನ್ನ ಅಂಗಡಿಯಲ್ಲೇ ಹಾಕಿಕೊಂಡು, ಕನ್ನಡಿಯಲ್ಲಿ ನೋಡಿಕೊಳ್ಳುವ ಬದಲು ಒಬ್ಬರ ಮುಖ ಒಬ್ಬರು ನೋಡಿಕೊಂಡು ಹೋದರು.

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಶಾರದಮ್ಮನ ಗಂಡ ಬಸವರಾಜು ಬಂದ. ಕೊಬ್ಬರಿ ವ್ಯಾಪಾರದ ಮನುಷ್ಯ, ಮಾತು ಚುರುಕು. ಹಿಂದೆ ಶಾರದಮ್ಮ ತಲೆ ಬಗ್ಗಿಸಿಕೊಂಡು ನಿಂತಿದ್ದರು. ಮೂಗಿನಲ್ಲಿ ಬೊಟ್ಟಿರಲಿಲ್ಲ, ಕಡ್ಡಿ ಇತ್ತು.

ಬಸವರಾಜು ಬೊಟ್ಟನ್ನು ನನ್ನ ಮಣೆ ಮೇಲೆ ಇಟ್ಟು, "ಆಚಾರ್ರೇ, ನಾವು ಕೊಬ್ಬರಿ ಅಲ್ಲಾಡಿಸಿ ನೋಡೋ ಜನ. ಒಳಗೆ ಸದ್ದು ಮಾಡುದ್ರೆ ಕಾಯಿ ಪಕ್ಕಾ ಅಂತೀವಿ. ವಜ್ರ ಸದ್ದು ಮಾಡುದ್ರೆ ಏನಂತಾರೆ, ಹೇಳಿ" ಅಂದ.

ನನಗೆ ತಲೆಬುಡ ತಿಳಿಯಲಿಲ್ಲ. ಆಮೇಲೆ ಬಿಡಿಸಿ ಹೇಳಿದ. ತುಮಕೂರಿನ ಒಂದು ದೊಡ್ಡ ಅಂಗಡಿಗೆ, ಅದಕ್ಕೊಪ್ಪುವ ಓಲೆ ನೋಡಲು ಹೋಗಿದ್ದರಂತೆ. ಅಲ್ಲಿನವರು ಪೆನ್ನಿನಂಥ ಯಂತ್ರದ ಮೊನೆಯನ್ನು ಹರಳಿಗೆ ತಾಗಿಸಿದರೆ ಅದು ಕುಂಯ್ ಅಂತ ಕೂಗಿ ಕೆಂಪು ದೀಪ ಹತ್ತಿಸಿತಂತೆ. "ಇದು ವಜ್ರ ಅಲ್ಲ, ಮಾಯಿಸನೈಟು" ಅಂದರಂತೆ. ಮಾಯಿಸನೈಟ್ ಅನ್ನುವುದು ಕಾರ್ಖಾನೆಯಲ್ಲಿ ಮಾಡುವ ಕಲ್ಲು. ಆಗಷ್ಟೇ ನಮ್ಮ ಕಡೆ ಅದರ ಹೆಸರು ಕೇಳಿಬರುತ್ತಿತ್ತು. ಹೊಳಪು ವಜ್ರದ ಹಾಗೇ. ಶಾಖವನ್ನು ಬೇಗ ಹರಿಸುವುದರಲ್ಲೂ ಹೆಚ್ಚುಕಡಿಮೆ ವಜ್ರದ ಹಾಗೇ, ಆದ್ದರಿಂದ ಹಳೇ ಯಂತ್ರಗಳು ಮೋಸಹೋಗುತ್ತಿದ್ದವು. ಆದರೆ ಮಾಯಿಸನೈಟಿನಲ್ಲಿ ಅಲ್ಪಸ್ವಲ್ಪ ಕರೆಂಟು ಹರಿಯುತ್ತದೆ. ಬಿಳಿ ವಜ್ರದಲ್ಲಿ ಹರಿಯುವುದಿಲ್ಲ. ಹೊಸ ಯಂತ್ರ ಹುಡುಕುತ್ತಿದ್ದದ್ದು ಆ ಕರೆಂಟನ್ನು.

"ಅಕ್ಕನ್ದು ತೋರ್ಸಿದ್ರಾ?" ಅಂತ ಕೇಳಿದೆ.

"ತೋರ್ಸಿದ್ವಿ. ಜಯಕ್ಕನೂ ಜೊತೇಲೇ ಬಂದಿದ್ರು. ಅವರ್ದು ತುಟಿ ಪಿಟಕ್ ಅನ್ಲಿಲ್ಲ. ಅಸಲಿ."

ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡು ನೋಡಿದೆ. ಅದೇ ಹರಳು. ಅದೇ ಹಳೇ ಕಟಾವು, ಸೊಂಟದ ಹತ್ತಿರ ಎಳ್ಳಿನ ಸಿಪ್ಪೆಯಷ್ಟು ಒಂದು ಗೆರೆ, ಅಪ್ಪ ತೋರಿಸಿ ಹೇಳಿದ್ದು. ಮಾಯಿಸನೈಟನ್ನು ಓರೆಯಾಗಿ ನೋಡಿದರೆ ಹಿಂದಿನ ಅಂಚುಗಳು ಜೋಡಿಯಾಗಿ ಕಾಣುತ್ತವೆ. ಇಲ್ಲಿ ಒಂದೊಂದೇ ಅಂಚು. ವಜ್ರವೇ ಅಂದೆ.

"ನಿಮ್ಮ ಕಣ್ಣು ನಿಮಗೆ ಸಾಕ್ಷಿ. ನನಗೆ ಹೆಂಗಾಯ್ತದೆ?" ಅಂದ ಬಸವರಾಜು. "ಯಂತ್ರಕ್ಕೇನು ನಮ್ಮ ಮೇಲೆ ಹಗೆನಾ?"

ಆಗ ಶಾರದಮ್ಮ ಮೊದಲ ಸಲ ಬಾಯಿಬಿಟ್ಟರು. "ನಿಮ್ಮನ್ನ ಅಂತಿಲ್ಲ ಆಚಾರ್ರೇ. ಓಲೆ ವರ್ಷಗಟ್ಲೆ ಅಕ್ಕನ ಬೀರುವಲ್ಲಿತ್ತು." ಅಷ್ಟಕ್ಕೇ ನಿಲ್ಲಿಸಿದರು. ಗಂಡ ನನ್ನ ಮೇಲೆ ಅನುಮಾನಪಟ್ಟಿದ್ದ, ಹೆಂಡತಿ ಅಕ್ಕನ ಮೇಲೆ. ನನ್ನ ಮೇಲಿನದನ್ನು ಹೇಗೋ ತಾಳಿಕೊಳ್ಳಬಹುದಿತ್ತು. ಇನ್ನೊಂದು ಹಾಗಲ್ಲ. ಹೊನ್ನವಳ್ಳಿಯ ಒಬ್ಬರು ಆಮೇಲೆ ಹೇಳಿದರು, ತುಮಕೂರಿಂದ ವಾಪಸು ಬರುವಾಗ ಕಿಬ್ಬನಹಳ್ಳಿ ಕ್ರಾಸಿನಲ್ಲಿ ಇಳಿದ ಅಕ್ಕತಂಗಿಯರು ಬೇರೆ ಬೇರೆ ಕಡೆ ಮುಖ ಮಾಡಿಕೊಂಡು ಬಸ್ಸಿಗೆ ಕಾದರಂತೆ.

ಬೊಟ್ಟು ನನ್ನ ಹತ್ತಿರ ಬಿಟ್ಟುಹೋಗಿ ಅಂದರೆ ಬಸವರಾಜು ಒಪ್ಪಲಿಲ್ಲ. "ತಿರುಗಾ ಬತ್ತೀನಿ. ನೀವು ಉತ್ತರ ಇಟ್ಕಂಡಿರಿ" ಅಂತ ಎದ್ದ.

ಮಾರನೇ ದಿನ ಬೆಂಗಳೂರಿಗೆ ಹೋಗಿ ಅಂಥದ್ದೇ ಯಂತ್ರ ತಂದೆ. ನನ್ನ ಮನೆಯವಳು ಲಲಿತ ಅದನ್ನು ಹಿಂದುಮುಂದು ತಿರುಗಿಸಿ ನೋಡಿ, "ಮಿಕ್ಸಿ ತರ್ರಿ ಅಂತ ಎರಡು ವರ್ಷದಿಂದ ಬಡ್ಕಂತಿದೀನಿ. ಇದು ಚಟ್ನಿ ಅರೀತದಾ?" ಅಂದಳು. ಅಂಗಡಿಯಲ್ಲಿದ್ದ ವಜ್ರಗಳಿಗೆಲ್ಲ ತಾಗಿಸಿದೆ. ಒಂದೂ ಕೂಗಲಿಲ್ಲ. ಯಂತ್ರ ಸರಿಯಾಗಿದೆ ಅಂತಾಯಿತು. ಅದು ಸರಿಯಾಗಿದೆ ಅನ್ನುವುದೇ ನನಗೆ ಕಷ್ಟವಾಯಿತು.

ಬಸವರಾಜು ಮತ್ತೆ ಬಂದಾಗ ಅವನೆದುರೇ ತಾಗಿಸಿದೆ. ಒಂದು ಕೈಬೆರಳು ಯಂತ್ರದ ಹಿಂದಿನ ತಗಡಿನ ಮೇಲೆ, ಇನ್ನೊಂದು ಕೈಯಲ್ಲಿ ಚಿನ್ನದ ಗೂಡು, ಮೊನೆ ಹರಳಿನ ಮೇಲೆ. ಕುಂಯ್ ಅಂತು. ಸ್ಪಿರಿಟ್ಟಿನಲ್ಲಿ ಒರೆಸಿದೆ. ಕೂಗಿತು. ಸೋಪಿನಲ್ಲಿ ತೊಳೆದು ಬಟ್ಟೆಯಲ್ಲಿ ತಿಕ್ಕಿದೆ. ಕೂಗಿತು. ತೇವ ಇರಬೇಕು ಅಂತ ಸ್ಪಿರಿಟ್ ದೀಪದ ಮೇಲೆ ಹಿಡಿದು ಚೆನ್ನಾಗಿ ಕಾಯಿಸಿ, ಬಿಸಿ ಇರುವಾಗಲೇ ಚಿಮಟದಲ್ಲಿ ಹಿಡಿದು ತಾಗಿಸಿದೆ. ಸುಮ್ಮನಾಯಿತು! ಇನ್ನೊಮ್ಮೆ ತಾಗಿಸಿದೆ, ಸದ್ದಿಲ್ಲ.

"ನೋಡಪ್ಪ, ಬರೀ ತೇವ. ನಿನ್ನ ತುಮಕೂರಿನೋರು ತೇವ ಆರಿಸದೆ ನೋಡವ್ರೆ" ಅಂದೆ. ನನ್ನ ದನಿ ಅಷ್ಟು ಎತ್ತರಕ್ಕೆ ಹೋಗಿದ್ದು ನನಗೇ ಕೇಳಿಸಿತು. ಅವನು ಬೊಟ್ಟು ಜೇಬಿಗೆ ಹಾಕಿಕೊಂಡು, ಅರ್ಧ ನಂಬಿ ಹೋದ.

ಎರಡು ದಿನಕ್ಕೆ ವಾಪಸು ಬಂದ. ತುಮಕೂರಿಗೆ ಹೋಗಿದ್ದನಂತೆ, ಮತ್ತೆ ಕೂಗಿತಂತೆ. ನನ್ನ ಯಂತ್ರಕ್ಕೂ ಕೂಗಿತು.

"ಮೊನ್ನೆ ಬೆಂಕೀಲಿ ಹಿಡಿದಾಗ ಅಸಲಿ, ಇವತ್ತು ನಕಲಿ. ಇದೇನು ವಜ್ರನೋ ಗೋಸುಂಬೆನೋ?" ಅಂದ. ಬೈದಿದ್ದರೆ ನಾನೂ ತಿರುಗಿ ಬೈಯಬಹುದಿತ್ತು. ಅವನು ನಗುತ್ತಿದ್ದ. "ಪಂಚಾಯ್ತಿ ಸೇರಿಸೋಕೆ ನನಗಿಷ್ಟ ಇಲ್ಲ. ಆದ್ರೆ ನನ್ನ ಹೆಂಡ್ತಿ ಅಕ್ಕನ ಮನೆ ಮೊಮ್ಮಗುವಿನ ನಾಮಕರಣಕ್ಕೂ ಹೋಗಲ್ಲ ಅಂತ ಕೂತವ್ಳೆ. ಅದಕ್ಕಾದ್ರೂ ಏನಾರ ಮಾಡಿ."

ಆ ಮೇಲಿನ ಒಂದೆರಡು ವಾರ ನನಗೆ ಊಟ ಸೇರಲಿಲ್ಲ. ಕಣ್ಣು ವಜ್ರ ಅನ್ನುತ್ತದೆ, ಯಂತ್ರ ಅಲ್ಲ ಅನ್ನುತ್ತದೆ. ಕಾಯಿಸಿದರೆ ಯಂತ್ರವೂ ಹೌದು ಅನ್ನುತ್ತದೆ, ಆರಿದರೆ ಮತ್ತೆ ಅಲ್ಲ ಅನ್ನುತ್ತದೆ. ಒಂದೇ ತಾಯಿಯ ಎರಡು ಕಿವಿಯಲ್ಲಿದ್ದ ಎರಡು ಹರಳು, ಒಂದು ಮೂಕ, ಇನ್ನೊಂದು ಬಾಯಾಳಿ. ತೇವವೇ ಕಾರಣವಾದರೆ ಅಕ್ಕನದ್ದು ಯಾಕೆ ಕೂಗುವುದಿಲ್ಲ? ತೇವ ಕಾರಣವಲ್ಲದಿದ್ದರೆ ತಂಗಿಯದ್ದು ಕಾದಾಗ ಯಾಕೆ ಸುಮ್ಮನಾಗುತ್ತದೆ? ಒಂದು ಕಡೆ ಎಳೆದರೆ ಇನ್ನೊಂದು ಕಡೆ ಗಂಟು ಬಿಗಿಯುತ್ತಿತ್ತು.

ಇದನ್ನು ಹೇಳಿಕೊಂಡದ್ದು ರಂಗನಾಥ ಮೇಷ್ಟ್ರ ಹತ್ತಿರ. ಅವರು ಊರಿನ ಒಂದು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಹೇಳುತ್ತಿದ್ದರು. ಅವರ ಮಗಳ ಉಂಗುರ ನಾನೇ ಮಾಡಿದ್ದು. ಕೇಳಿಸಿಕೊಂಡು ಮೊದಲಿಗೆ, "ಆಗಕ್ಕಿಲ್ಲ ಆಚಾರ್ರೇ. ಪುಸ್ತಕದಲ್ಲಿ ವಜ್ರ ಅವಾಹಕ" ಅಂದರು. ನಾನು, "ಪುಸ್ತಕ ನಿಮ್ಮ ಹತ್ರ ಇದೆ, ಕೂಗೋದು ನನ್ನ ಹತ್ರ ಇದೆ" ಅಂದೆ. ಬಸವರಾಜುಗೆ ಹೇಳಿಕಳಿಸಿ, ಬೊಟ್ಟು ತರಿಸಿ, ಅವರ ಕೈಯಲ್ಲೇ ತಾಗಿಸಿ ನೋಡಿದೆವು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಅವರ ಜೊತೆ ಓದಿದವರೊಬ್ಬರು ಬೆಂಗಳೂರಿನಲ್ಲಿ ಒಂದು ಸಂಶೋಧನಾ ಸಂಸ್ಥೆಯಲ್ಲಿ ಕೊಯ್ಯುವ ಉಳಿಗಳಿಗೆ ವಜ್ರದ ಲೇಪ ಹಾಕುವ ಕೆಲಸದಲ್ಲಿದ್ದರು. ಕೇಳಿಕೊಂಡು ಬರುತ್ತೇನೆ ಅಂತ ಹೋದರು.

ಭಾನುವಾರ ಅಂಗಡಿ ಮುಚ್ಚಿದ್ದರೂ ಬಾಗಿಲು ತಟ್ಟಿದರು. ಕೂತವರೇ ಒಂದು ಚೂರು ಸೀಮೆಸುಣ್ಣದಲ್ಲಿ ನನ್ನ ಮಣೆ ಮೇಲೆ ಚಿತ್ರ ಬರೆದು ಹೇಳಿದ್ದನ್ನು ನನಗೆ ತಿಳಿದ ಮಟ್ಟಿಗೆ ಬರೆಯುತ್ತೇನೆ. ವಜ್ರದೊಳಗೆ ಪ್ರತಿ ಕಾರ್ಬನ್ ಪರಮಾಣುವೂ ನಾಲ್ಕು ಕೈಯಿಂದ ನಾಲ್ಕು ಜನರನ್ನು ಹಿಡಿದಿರುತ್ತದೆ. ಅಲ್ಲಿ ಅಲ್ಲಾಡುವ ಎಲೆಕ್ಟ್ರಾನ್ ಇಲ್ಲ, ಕರೆಂಟಿಗೆ ದಾರಿ ಇಲ್ಲ. ಆದರೆ ಮೇಲ್ಮೈಯಲ್ಲಿ ಇರುವ ಪರಮಾಣುಗಳಿಗೆ ಹೊರಗಡೆ ಹಿಡಿಯಲು ಯಾರೂ ಇರುವುದಿಲ್ಲ. ಆ ಖಾಲಿ ಕೈಗಳು ಆಕ್ಸಿಜನ್ನನ್ನು ಹಿಡಿದರೆ ಹರಳು ಸುಮ್ಮನಿರುತ್ತದೆ. ಹೈಡ್ರೋಜನ್ನನ್ನು ಹಿಡಿದರೆ ಬೇರೆಯೇ ಆಟ. ಹೈಡ್ರೋಜನ್ ಹೊದ್ದ ವಜ್ರದ ಮೇಲೆ ಗಾಳಿಯ ತೇವ ಕಣ್ಣಿಗೆ ಕಾಣದಷ್ಟು ತೆಳ್ಳಗೆ ಕೂರುತ್ತದೆ. ಆ ತೇವ ವಜ್ರದಿಂದ ಎಲೆಕ್ಟ್ರಾನುಗಳನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ.

"ಕಿಬ್ಬನಹಳ್ಳಿ ಕ್ರಾಸಲ್ಲಿ ತುಂಬಿದ ಬಸ್ಸಿಂದ ಮುಂದಿನ ಸೀಟಿನೋನು ಒಬ್ಬ ಇಳಿದ ಅನ್ಕೊಳ್ಳಿ" ಅಂದರು ಮೇಷ್ಟ್ರು. "ಹಿಂದಿನೋನು ಆ ಸೀಟಿಗೆ ಬತ್ತಾನೆ. ಅವನ ಸೀಟಿಗೆ ಅವನ ಹಿಂದಿನೋನು. ಜನ ಮುಂದಕ್ಕೆ ಬಂದರು, ಖಾಲಿ ಸೀಟು ಹಿಂದಕ್ಕೆ ಹೋಯ್ತು. ಹರಳಿನ ಚರ್ಮದ ಮೇಲೆ ಹಂಗೆ ಖಾಲಿ ಜಾಗ ಓಡಾಡ್ತವೆ. ನಿಮ್ಮ ಯಂತ್ರಕ್ಕೆ ಅದೇ ಕರೆಂಟು."

"ಹಂಗಾರೆ ಕಾಯಿಸಿದಾಗ?"

"ತೇವ ಹಾರೋಗುತ್ತೆ, ಎಳೆಯೋರು ಇಲ್ಲ, ಸುಮ್ಮನಾಗುತ್ತೆ. ಹೈಡ್ರೋಜನ್ ಮಾತ್ರ ಅಲ್ಲೇ ಇರುತ್ತೆ. ಎರಡು ದಿನಕ್ಕೆ ತೇವ ವಾಪಸು ಬಂತು, ಕೂಗ್ತು." ಆಮೇಲೆ ಸ್ವಲ್ಪ ತಡೆದು, "ಇದು ಹೀಗೇ ಅಂತ ದೊಡ್ಡ ದೊಡ್ಡೋರೇ ಇನ್ನೂ ಜಗಳ ಆಡ್ತಾ ಇದಾರಂತೆ. ಒಬ್ಬರು ತೇವ ಅಂತಾರೆ, ಒಬ್ಬರು ಇನ್ನೇನೋ ಅಂತಾರೆ. ನನಗೂ ಪೂರ್ತಿ ತಲೆಗೆ ಹತ್ತಿಲ್ಲ, ಸುಳ್ಳ್ಯಾಕೆ" ಅಂದರು.

ಅವರ ಆ ಮಾತು ಕೇಳಿ ನನಗೆ ಯಾಕೋ ಸಮಾಧಾನವಾಯಿತು. ಆದರೆ ಅವರು ಅಷ್ಟಕ್ಕೇ ಬಿಡಲಿಲ್ಲ.

"ಆಚಾರ್ರೇ, ಹೈಡ್ರೋಜನ್ ಅನಿಲದಲ್ಲಿ ಕೆಂಪಗೆ ಕಾಯಿಸಿದರೆ ಮಾತ್ರ ವಜ್ರ ಹಿಂಗಾಗೋದು. ನನ್ನ ಸ್ನೇಹಿತ ಅದಕ್ಕೆ ಒಂದು ರೂಮಿನಷ್ಟು ಯಂತ್ರ ಇಟ್ಕೊಂಡವ್ನೆ. ನಿಮ್ಮ ಅಂಗಡೀಲಿ ಹೈಡ್ರೋಜನ್ ಎಲ್ಲಿಂದ ಬಂತು? ಆ ಹರಳಿಗೆ ನೀವು ಏನು ಮಾಡಿದ್ರಿ?"

ಎರಡು ಹರಳಿಗೂ ಇದ್ದ ವ್ಯತ್ಯಾಸ ಒಂದೇ. ಒಂದು ಮೂಸೆಗೆ ಹೋಗಿತ್ತು, ಒಂದು ಹೋಗಿರಲಿಲ್ಲ. ಅದನ್ನು ಹೇಳಿದರೆ ಅಪ್ಪನ ಕಟ್ಟಳೆ ಮುರಿದಂತೆ. ಹೇಳದಿದ್ದರೆ ಅಪ್ಪ ಕಟ್ಟಿದ ಹರಳಿಗೇ ನಕಲಿ ಅನ್ನುವ ಹೆಸರು ಉಳಿಯುತ್ತದೆ, ಅಕ್ಕತಂಗಿಯರ ನಡುವೆ ಆ ಹೆಸರೇ ಗೋಡೆಯಾಗುತ್ತದೆ. ಮೇಷ್ಟ್ರಿಗೆ ಕಾಫಿ ತರಿಸಿದೆ. ಅವರು ಕುಡಿದು ಲೋಟ ಕೆಳಗಿಟ್ಟ ಮೇಲೆ ಹೇಳಿದೆ. ಚಿಪ್ಪಿನ ಪುಡಿ, ಮೂಸೆ, ಎಲ್ಲ.

ಅವರು ಕೂತಲ್ಲೇ ಮುಂದಕ್ಕೆ ಬಾಗಿದರು. ಆದರೆ ತಕ್ಷಣ ತಲೆ ಅಲ್ಲಾಡಿಸಿದರು. "ಚೆನ್ನಾಗಿ ಸುಟ್ಟ ಇದ್ದಿಲಲ್ಲಿ ಹೈಡ್ರೋಜನ್ ಎಲ್ಲ ಮೊದಲೇ ಹೋಗಿರುತ್ತೆ. ಬರೀ ಕಾರ್ಬನ್. ಏನೋ ಕೂಡಿಬರ್ತಿಲ್ಲ."

ಮಾಡಿ ನೋಡೋಣ ಅಂದುಕೊಂಡೆವು. ಗಿರಾಕಿಯ ಹರಳನ್ನು ಪರೀಕ್ಷೆಗೆ ಹಾಕುವವನು ನಾನಲ್ಲ. ಉಳಿದಿದ್ದು ಲಲಿತಳ ಮೂಗು. ಅವಳ ತವರಿನವರು ಕೊಟ್ಟ ವಜ್ರದ ಬೊಟ್ಟು. ಕೇಳಿದ್ದಕ್ಕೆ, "ಊರ ಉಸಾಬರಿಗೆ ನನ್ನ ಮೂಗು ಬೇಕಾ?" ಅಂದಳು. ಅಂದವಳೇ ತಿರುಪು ಬಿಚ್ಚಿ ಕೈಗೆ ಹಾಕಿದಳು.

ಡಬ್ಬಿಯಲ್ಲಿದ್ದ ಕಪ್ಪು ಪುಡಿ ತುಂಬಿ, ಬೊಟ್ಟು ಹೂತು, ಕೆಂಪಗೆ ಕಾಯಿಸಿ, ಆರಿಸಿ, ತೊಳೆದು ತಾಗಿಸಿದೆವು. ಸದ್ದಿಲ್ಲ. ಮಾರನೇ ದಿನ ನೋಡಿದರೂ ಸದ್ದಿಲ್ಲ. ಮೇಷ್ಟ್ರ ಮುಖ ಸಣ್ಣದಾಯಿತು. ನನಗಂತೂ ದಾರಿ ಮತ್ತೆ ಕಿಬ್ಬನಹಳ್ಳಿ ಕ್ರಾಸಿಗೇ ಬಂದು ನಿಂತ ಹಾಗಾಯಿತು. ಯಾವ ಕಡೆ ಬಸ್ಸು ಹತ್ತಬೇಕು ಗೊತ್ತಿಲ್ಲ.

ಈ ಗಂಟು ಬಿಡಿಸಿದ್ದು ಲಲಿತಳ ಒಂದು ಗೊಣಗಾಟ. ಹಿತ್ತಲಲ್ಲಿ ಚಿಪ್ಪು ಸುಡುವ ಗುಂಡಿ ಇತ್ತು. ಅದರಲ್ಲಿ ಉಳಿದಿದ್ದ ಚೂರುಗಳನ್ನು ಒಲೆಗೆ ಹಾಕಿದವಳು, "ಅದೇನು ಚಿಪ್ಪು ಸುಟ್ಟಿದ್ರೋ ಮಳೇಲಿ. ಇದ್ದಿಲು ಅಂತ ಹಾಕುದ್ರೆ ಬರೀ ಹೊಗೆ, ಕಣ್ಣು ಹೋಯ್ತು" ಅಂತ ಕೂಗಿಕೊಂಡಳು.

ನಾನು ಎದ್ದು ಹೋಗಿ ಆ ಚೂರು ಮುರಿದು ನೋಡಿದೆ. ಮೇಲೆ ಕಪ್ಪು, ಒಳಗೆ ಕಾಫಿಪುಡಿ ಬಣ್ಣ. ನೆನಪಾಯಿತು. ಶಾರದಮ್ಮನ ಕೆಲಸದ ವಾರ ಗುಂಡಿಗೆ ನೀರು ಜಿನುಗಿ ಚಿಪ್ಪು ಅರ್ಧಕ್ಕೇ ಬೆಂದು ನಿಂತಿತ್ತು. ಕೊಟ್ಟ ಮಾತಿನ ದಿನ ಹತ್ತಿರ ಬಂದಿತ್ತು. ಗಾಳಿ ತಡೆಯಲು ಇಷ್ಟು ಸಾಕು ಅಂತ ಅದನ್ನೇ ಕುಟ್ಟಿ ತುಂಬಿದ್ದೆ. ಮೂಸೆಯ ಬಾಯಲ್ಲಿ ಆವತ್ತು ನೀಲಿ ಉರಿ ಕುಣಿದದ್ದೂ ನೆನಪಾಯಿತು. ನಮ್ಮ ಸೀಮೆಯಲ್ಲಿ ಚಿಪ್ಪಿಗೆ ಬರವಿಲ್ಲ, ಹಾಗಾಗಿ ಅದರ ಬಗ್ಗೆ ಯಾರೂ ಯೋಚನೆ ಮಾಡುವುದಿಲ್ಲ. ಕಪ್ಪಗಿದ್ದರೆ ಇದ್ದಿಲು ಅಷ್ಟೆ.

ಮೇಷ್ಟ್ರಿಗೆ ಹೇಳಿದರೆ ಅವರು ಎದ್ದೇ ನಿಂತರು. "ಅರೆಸುಟ್ಟ ಚಿಪ್ಪು ಕಾದರೆ ಹೈಡ್ರೋಜನ್ನೇ ಬಿಡೋದು! ಅದರಲ್ಲಿ ತೇವ ಬೇರೆ. ಕೆಂಪಗೆ ಕಾದ ಇದ್ದಿಲಿಗೆ ನೀರಿನ ಆವಿ ತಗುಲಿದರೂ ಹೈಡ್ರೋಜನ್ ಬರುತ್ತೆ. ನಿಮ್ಮ ಮೂಸೆ ಆವತ್ತು ಗ್ಯಾಸಿನ ಕಾರ್ಖಾನೆ ಆಗಿತ್ತು."

ಲಲಿತಳ ಬೊಟ್ಟು ಎರಡನೇ ಸಲ ಮೂಸೆಗೆ ಹೋಯಿತು, ಈ ಸಲ ಕಂದು ಪುಡಿಯೊಳಗೆ. ಬಾಯಲ್ಲಿ ನೀಲಿ ಉರಿ ಕಾಣಿಸಿತು. ತೆಗೆದು ತೊಳೆದು, ರಾತ್ರಿಯೆಲ್ಲ ಗಾಳಿಗೆ ಬಿಟ್ಟು, ಬೆಳಿಗ್ಗೆ ಮೊನೆ ತಾಗಿಸಿದೆ. ಕುಂಯ್. ಮೇಷ್ಟ್ರು, ನಾನು ಕೈಕೈ ಹಿಡಿದುಕೊಂಡು ಹುಡುಗರ ಹಾಗೆ ನಕ್ಕೆವು. ಲಲಿತ ಮಾತ್ರ ನಗಲಿಲ್ಲ. "ನಮ್ಮಪ್ಪ ಕೊಟ್ಟ ವಜ್ರಾನ ನಕಲಿ ಮಾಡಿ ನಗ್ತಾವ್ರಲ್ಲ ಇಬ್ರೂ! ನಾಳೆನೇ ಮೊದಲಿನಂಗೆ ಮಾಡ್ಕೊಡಿ." ಮೇಷ್ಟ್ರು ಹೇಳಿದಂತೆ ಹರಳನ್ನು ಬಿಡಿಸಿ, ಗಂಧಕಾಮ್ಲಕ್ಕೆ ಪಟಾಕಿ ಮದ್ದಿಗೆ ಬೆರೆಸುವ ಪೆಟ್ಲುಪ್ಪು ಹಾಕಿ ಅದರಲ್ಲಿ ಕುದಿಸಿದೆ. ಆಸಿಡ್ಡು ಹೈಡ್ರೋಜನ್ನನ್ನು ಕಿತ್ತು ಆ ಜಾಗದಲ್ಲಿ ಆಕ್ಸಿಜನ್ ಕೂರಿಸುತ್ತದಂತೆ. ಸುಮ್ಮನಾಯಿತು. ವಾರ ಬಿಟ್ಟು ನೋಡಿದರೂ ಸುಮ್ಮನೆ.

ಈಗ ಬಸವರಾಜುವಿಗೆ ಹೇಳಿಕಳಿಸಿದೆ. ಜಯಮ್ಮನಿಗೂ ಹೇಳಿಕಳಿಸಿದೆ. ಇಬ್ಬರನ್ನೂ ಒಂದೇ ಹೊತ್ತಿಗೆ ಬರಹೇಳಿದ್ದು ಇಬ್ಬರಿಗೂ ತಿಳಿಸಿರಲಿಲ್ಲ. ಅಂಗಡಿ ಸಣ್ಣದು, ಬೆಂಚು ಒಂದೇ. ಅಕ್ಕ ಆ ತುದಿ, ತಂಗಿ ಈ ತುದಿ, ನಡುವೆ ಬಸವರಾಜು. ಮೇಷ್ಟ್ರು ನನ್ನ ಪಕ್ಕ.

ನಾನು ಹೇಳಿದ್ದನ್ನೆಲ್ಲ ಅವನು ಕೇಳಿಸಿಕೊಂಡ. ಕೊನೆಗೆ, "ಆಸಿಡ್ಡಲ್ಲಿ ಕುದಿಸಿ ಸುಮ್ಮನಾಗಿಸ್ತೀನಿ ಅಂತೀರಾ. ಸರಿ. ಆಗ ಅದು ನಮ್ಮ ಹರಳೇ ಅಂತ ಹೆಂಗೆ ನಂಬ್ಲಿ? ಆಸಿಡ್ಡಿಗೆ ಹೋಗಿದ್ದು ಕೂಗೋದು, ಬಂದಿದ್ದು ಕೂಗದೇ ಇರೋದು. ಬದಲಾಯಿಸುದ್ರೂ ಹಂಗೇ ಅಲ್ವಾ ಆಗೋದು?" ಅಂದ.

ಕೋಪ ಬಂತು. ಆದರೆ ಅವನ ಲೆಕ್ಕದಲ್ಲಿ ತಪ್ಪು ಹುಡುಕಲು ಆಗಲಿಲ್ಲ.

ಆಗ ಜಯಮ್ಮ ಮೂಗಿಗೆ ಕೈ ಹಾಕಿದರು. ತಿರುಪು ಬಿಚ್ಚಿ, ಬೊಟ್ಟನ್ನು ಮಣೆ ಮೇಲೆ ಇಟ್ಟರು.

"ಇದು ಅಸಲಿ ಅಂತ ನಿನ್ನ ತುಮಕೂರಿನ ಯಂತ್ರನೇ ಹೇಳೈತಲ್ವಾ ಬಸವರಾಜಪ್ಪ?"

"ಹೇಳೈತಕ್ಕ."

"ಆಚಾರ್ರೇ, ಇದನ್ನ ಹಾಕಿ ನಿಮ್ಮ ಮೂಸೆಗೆ. ಇವರೆಲ್ಲ ನೋಡ್ತಾ ಇರ್ಲಿ. ಇದೂ ಕೂಗುದ್ರೆ, ನಮ್ಮವ್ವನ ಕಿವೀಲಿ ಇದ್ದಿದ್ದು ಎರಡೂ ಒಂದೇ ಅಂತ ಆಯ್ತದಲ್ಲ."

"ಕೂಗ್ಲಿಲ್ಲ ಅಂದ್ರೆ?" ಅಂದ ಬಸವರಾಜು.

"ಕೂಗ್ಲಿಲ್ಲ ಅಂದ್ರೆ ಇದು ಅವಳಿಗೆ, ಅದು ನನಗೆ. ನಕಲಿ ಅಂತಾನೇ ಹಾಕ್ಕಂಡು ತಿರುಗ್ತೀನಿ ಬುಡು."

ಶಾರದಮ್ಮ ತಲೆ ಎತ್ತಿದರು. "ಬ್ಯಾಡ ಕಣಕ್ಕ. ಬೆಂಕೀಲಿ ಏನಾರ ಆದ್ರೆ?"

"ಅವ್ವ ಒಲೆ ಮುಂದೆ ಕೂತೇ ಇದನ್ನ ಹಾಕ್ಕಂಡಿದ್ಲು. ಬೆಂಕಿ ಇದಕ್ಕೆ ಹೊಸದೇನಲ್ಲ ಕಣೇ."

ಲಲಿತಳ ಹರಳು ಚಿಕ್ಕದು, ಇದು ದೊಡ್ಡದು. ಅವತ್ತು ಆಗಿದ್ದು ಇವತ್ತೂ ಆಗುತ್ತದೆ ಅನ್ನುವ ಖಾತರಿ ನನಗಿರಲಿಲ್ಲ, ಮೇಷ್ಟ್ರಿಗೂ ಇರಲಿಲ್ಲ. ಗೂಡಿನಿಂದ ಹರಳು ಬಿಡಿಸಿದೆ. ಬಾಗಿಲು ಅಗಲಕ್ಕೆ ತೆಗೆದು, ಅಪ್ಪನ ಫೋಟೋ ಕಡೆ ನೋಡದೆ, ಎಲ್ಲರ ಕಣ್ಣೆದುರು ಮೂಸೆ ತುಂಬಿದೆ. ಬಸವರಾಜು ಕುಲುಮೆಯ ಪಕ್ಕ ಕುಕ್ಕರಗಾಲಲ್ಲಿ ಕೂತು ಮೂಸೆಯ ಮೇಲಿನ ಕಣ್ಣು ತೆಗೆಯಲಿಲ್ಲ. ನೀಲಿ ಉರಿ ಬಂದಾಗ, "ಅಯ್ ಇವ್ನ, ಗ್ಯಾಸ್ ಒಲೆ ಇದ್ದಂಗೈತೆ" ಅಂದ. ಆರಿಸಿ, ತೊಳೆದು, ಅದೇ ಗೂಡಿನಲ್ಲಿ ಅವನೆದುರೇ ಕೂರಿಸಿದೆ. ತಾಗಿಸಿದರೆ ಯಂತ್ರ ಸುಮ್ಮನೆ. ಅವನು ನನ್ನ ಮುಖ ನೋಡಿದ. "ತೇವ ಕೂರಬೇಕಪ್ಪ, ಒಂಚೂರು ತಾಳು" ಅಂದರು ಮೇಷ್ಟ್ರು, ದನಿ ಇಳಿಸಿ.

ಲಲಿತ ಎಲ್ಲರಿಗೂ ಊಟ ಹಾಕಿದಳು. ಬೊಟ್ಟು ಬಸವರಾಜುವಿನ ತಟ್ಟೆ ಪಕ್ಕದಲ್ಲೇ, ಬಟ್ಟಲಿನಲ್ಲಿ ಇತ್ತು. ಮುದ್ದೆ ನುಂಗುವಾಗಲೂ ಅವನ ಒಂದು ಕಣ್ಣು ಅದರ ಮೇಲೇ. ಸಂಜೆಯಾಗುವ ಹೊತ್ತಿಗೆ ಯಂತ್ರವನ್ನು ಅವನ ಕೈಗೇ ಕೊಟ್ಟೆ. ಅವನು ಮೊನೆ ತಾಗಿಸಿದ.

ಮೊದಲು ತಡವರಿಸಿದಂತೆ ಸಣ್ಣದೊಂದು ದನಿ. ಒತ್ತಿ ಹಿಡಿದಾಗ ಕುಂಯ್ ಅಂತ ನಿಂತೇಬಿಟ್ಟಿತು. ಬಸವರಾಜು ಗಾಬರಿಯಾಗಿ ಕೈ ತೆಗೆದ. ಆಮೇಲೆ ಹೆಂಡತಿಯ ಬೊಟ್ಟಿಗೆ ತಾಗಿಸಿದ. ಅದೂ ಕುಂಯ್. ಇದಕ್ಕೊಮ್ಮೆ, ಅದಕ್ಕೊಮ್ಮೆ. ಶಾರದಮ್ಮ ಬೆಂಚಿನ ಈ ತುದಿಯಿಂದ ಎದ್ದು ಹೋಗಿ ಅಕ್ಕನ ಪಕ್ಕ ಕೂತರು. ಅಕ್ಕನ ಸೆರಗಿನ ತುದಿ ಹಿಡಿದುಕೊಂಡರು, ಅಷ್ಟೆ.

ಎರಡನ್ನೂ ಆಸಿಡ್ಡಿನಲ್ಲಿ ಕುದಿಸಿ ಸುಮ್ಮನಾಗಿಸಿ ಕೊಡುತ್ತೇನೆ ಅಂದೆ. "ಬ್ಯಾಡಿ ಆಚಾರ್ರೇ. ಎರಡೂ ಒಂದೇ ದನೀಲಿ ಕೂಗ್ತಾವಲ್ಲ, ಹಂಗೇ ಇರ್ಲಿ" ಅಂದರು ಶಾರದಮ್ಮ.

"ನಾಳೆ ಮಾರೋಕೆ ಹೋದ್ರೆ ಯಾವನು ತಗತಾನೆ ಇದನ್ನ?" ಅಂದ ಬಸವರಾಜು.

"ಮಾರೋರು ಯಾರು?" ಅಂದರು ಅಕ್ಕತಂಗಿಯರು. ಇಬ್ಬರ ಬಾಯಿಂದಲೂ ಒಟ್ಟಿಗೇ ಬಂತು.

ಆ ಯಂತ್ರ ಸುಳ್ಳು ಹೇಳಿರಲಿ‌ಲ್ಲ. ಇಲ್ಲಿ ಕರೆಂಟು ಹರಿಯುತ್ತದೆ ಅಂತ ಹೇಳಿತ್ತು, ಹರಿಯುತ್ತಲೂ ಇತ್ತು. ಆದರೆ ಹರಿಯುತ್ತಿದ್ದದ್ದು ಚರ್ಮದ ಮೇಲೆ, ಒಡಲಿನಲ್ಲಿ ಅಲ್ಲ. ವಜ್ರವಲ್ಲ ಅನ್ನುವ ಮಾತನ್ನು ಸೇರಿಸಿಕೊಂಡವರು ನಾವು. ಅವತ್ತಿನಿಂದ ಯಾವ ಒಡವೆ ಬಂದರೂ ಯಂತ್ರ ಮುಟ್ಟುವ ಮೊದಲು ಇದು ಎಲ್ಲಿತ್ತು, ಯಾರು ಏನು ಮಾಡಿದರು, ಯಾವ ಬೆಂಕಿ ನೋಡಿದೆ ಅಂತ ವಿಚಾರಿಸುವುದು ನನಗೆ ಅಭ್ಯಾಸವಾಯಿತು. ನಾನು ಬಾಗಿಲು ಮುಂದೆ ಮಾಡಿಕೊಳ್ಳುವುದೂ ನಿಂತಿತು. ಮೂಸೆ ತುಂಬುವುದನ್ನು ನೋಡಬೇಕು ಅನ್ನುವವರು ನೋಡಬಹುದು. ಚಿಪ್ಪು ಒಳಗೂ ಕಪ್ಪಗಾಗಿದೆಯಾ ಅಂತ ಮುರಿದು ನೋಡದೆ ನಾನು ಕುಟ್ಟುವುದಿಲ್ಲ.

ಅಕ್ಕತಂಗಿಯರು ಈಗಲೂ ಬೊಟ್ಟು ತೊಳೆಸಲು ಜೊತೆಯಾಗಿಯೇ ಬರುತ್ತಾರೆ. ತಮಾಷೆಗೆ ಯಂತ್ರ ತಾಗಿಸಿ ಅನ್ನುತ್ತಾರೆ. ಮಳೆಗಾಲದಲ್ಲಿ ಎರಡೂ ಜೋರಾಗಿ ಕೂಗುತ್ತವೆ, ಬೇಸಿಗೆಯಲ್ಲಿ ಮೆಲ್ಲಗೆ. ಯಾಕೆ ಅಂತ ಪ್ರತಿ ಸಲ ಕೇಳುತ್ತಾರೆ. ಹೈಡ್ರೋಜನ್ನು, ತೇವ, ಖಾಲಿ ಸೀಟು ಅಂತ ನಾನು ಪ್ರತಿ ಸಲ ಶುರುಮಾಡುತ್ತೇನೆ. ಹೇಳಿ ಮುಗಿಸುವ ಹೊತ್ತಿಗೆ ಬಸ್ಸಿಂದ ಇಳಿದವನು ಯಾರು ಅನ್ನುವುದು ನನಗೇ ತಪ್ಪಿಹೋಗಿರುತ್ತದೆ. ಅವರಿಗೆ ಅದರ ಚಿಂತೆ ಇಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡು ಬೊಟ್ಟು ಹಾಕಿಕೊಳ್ಳುತ್ತಿರುತ್ತಾರೆ.